ಟರ್ಬೊ ಮ್ಯಾಲಿನ ಹೆಸರು

ಮಾಳೂನ್ನ ನಾ ಮೊದಲ ನೋಡಿದ್ದು ಹದಿನಾಲ್ಕು ವರ್ಷದ ಹಿಂದ, ಒಂದು ಸೋಮವಾರ. ಮೊದಲ ಕಂಡದ್ದು ಮಾರಿ ಅಲ್ಲ, ಕಾಲು. ಕಲ್ಲೋಳಿ ರಸ್ತೆ ಬಾಜೂಕ ಅವನ ಗ್ಯಾರೇಜು. ಒಂದು ಟ್ರ್ಯಾಕ್ಟರಿನ ಕೆಳಗ ಅಂಗಾತ ಮಲಗಿದ್ದ. ಎಡಗಾಲಿನ ಚಪ್ಪಲಿಗೆ ತಂತಿ ಸುತ್ತಿದ್ದ. ನಮ್ಮ ಮನಿಯವರು ಹಾರ್ನ್ ಹೊಡೆದ ಮ್ಯಾಲ ಹೊರಗ ಬಂದ. ಆಗ ಅವಗ ಇಪ್ಪತ್ತಾರು ಇಪ್ಪತ್ತೇಳು ಇರಬೇಕು.

ಡೀಸೆಲ್ ಗಾಡಿ ನಾವು ತಗೊಂಡು ಹತ್ತು ದಿನ ಆಗಿತ್ತು. ಹೊಸಾದಲ್ಲ, ಇನ್ನೊಬ್ಬರು ಓಡಿಸಿ ಬಿಟ್ಟದ್ದು, ಏಳು ಸೀಟಿಂದು. ಮಾಳು ಒಂದು ಉದ್ದನ ಸ್ಕ್ರೂಡ್ರೈವರ್ ತಗೊಂಡು, ಅದರ ತುದಿ ಇಂಜಿನ್ನಿಗೆ ಹಚ್ಚಿ, ಹಿಡಿಕಿ ತನ್ನ ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳಿದ. ನಾ ಅಂಥಾದ್ದು ಎಂದೂ ನೋಡಿರಲಿಲ್ಲ. ಆಮ್ಯಾಲ ಕಣ್ಣು ತಗದು ಬಗ್ಗಿ ನೋಡಿ ನಗಾಕ ಹತ್ತಿದ.

“ಕಾಕಾ, ಟರ್ಬೊ ಮ್ಯಾಲ ಹೆಸರ ಹಾಕ್ಸೀರಲ್ರಿ! ಇದೇನ ಹಾಲಿನ ತಂಬಿಗೇನ?”

ಟರ್ಬೊ ಅಂದ್ರ ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಸಾಮಾನು. ಬಸವನಹುಳದ ಚಿಪ್ಪಿನಂಗ ಸುತ್ತಿಕೊಂಡಿರತೈತಿ. ಹಿಂದಿನ ವಾರ ಗೋಕಾಕದ ಭಾಂಡೆ ಅಂಗಡ್ಯಾಗ ನಾ ಹೊಸಾ ಪಾತೇಲಿಗಳಿಗೆ ಹೆಸರು ಹಾಕಿಸಾಕ ಕುಂತಿದ್ದೆ. ನಮ್ಮವರು ಗಾಡಿ ಅಂಗಡಿ ಮುಂದಕ ತಂದು, ಮಿಷನ್ನಿನ ವಾಯರ್ ಎಳಸಿ, ಜಾಕಿಗೆ, ಬ್ಯಾಟರಿ ಪೆಟಗಿಗೆ, ಟರ್ಬೊದ ಬೆಳ್ಳನ ಚಿಪ್ಪಿಗೆ ತಮ್ಮ ಹೆಸರು ಚುಕ್ಕಿ ಚುಕ್ಕಿ ಹೊಡಸಿದ್ರು. ಗ್ಯಾರೇಜದವರು ಸಾಮಾನು ಬದಲಿ ಮಾಡತಾರ ಅಂತ ಯಾರೋ ಅವರ ಕಿವಿಗೆ ಹಾಕಿದ್ದರು.

“ನನ್ನ ಮ್ಯಾಲ ಇಸ್ವಾಸ ಇಲ್ಲೇನ್ರಿ ಕಾಕಾ?”

“ಇನ್ನೂ ಗುರ್ತನ ಆಗಿಲ್ಲಲ್ಲೋ ತಮ್ಮಾ,” ಅಂದ್ರು ಇವರು.

ನನಗ ನಾಚಿಕಿ ಆತು. ಚೀಲದಾಗಿಂದ ಎರಡು ರೊಟ್ಟಿ, ಮ್ಯಾಲ ಕೆಂಪು ಚಟ್ನಿ ಹಾಕಿ ಅವಗ ಕೊಟ್ಟೆ. ರೊಟ್ಟಿ ತಿಂದ, ಚಟ್ನಿ ಹಂಗ ಉಳಿಸಿದ. ಖಾರ ಅವಗ ಆಗಾಂಗಿಲ್ಲ.

ಅವ ಹುಕ್ಕೇರಿ ಕಡಿ ದಡ್ಡಿ ಅನ್ನೋ ಊರವ. ಅವ ಸಣ್ಣಾಂವ ಇದ್ದಾಗ ತಾಯಿ ತೀರಿದ್ದಳು. ಗೋಕಾಕದಾಗ ಒಬ್ಬ ಮಿಸ್ತ್ರಿ ಕೈಯಾಗ ಒಂಬತ್ತು ವರ್ಷ ದುಡದು, ಸ್ವಂತ ಗ್ಯಾರೇಜು ಹಾಕಿದ್ದ. ನಮ್ಮನ್ನ ಕಾಕಾ, ಅವ್ವಾರ ಅಂತಿದ್ದ. ಅವನ ಮದುವಿಗೆ ನಾನು, ಬಾಜೂ ಮನಿ ಸಾವಿತ್ರವ್ವ ಕೂಡಿ ಮೂರು ದಿನ ರೊಟ್ಟಿ ಬಡದ್ವಿ. ಹೆಂಡತಿ ಬಸರಿದ್ದಾಗ ಬಯಕಿ ಊಟ ನಮ್ಮ ಮನ್ಯಾಗಿಂದ ಹೋತು. ಇದನ್ನ ಲೆಕ್ಕ ಹಿಡದು ಹೇಳತಿಲ್ಲ. ಅವ ನಮಗ ಎಷ್ಟು ಹತ್ತರ ಇದ್ದ ಅಂತ ತಿಳೀಬೇಕಲ್ಲ, ಅದಕ್ಕ.

ಎಂಟು ವರ್ಷದ ಹಿಂದ ನಮ್ಮ ಮನಿಯವರು ಗೋಕಾಕ ದವಾಖಾನ್ಯಾಗ ತೀರಿಕೊಂಡರು. ಅವರನ್ನ ನಮ್ಮೂರು ನಾಗನೂರಿಗೆ ತಂದವ ಮಾಳು, ಇದ ಗಾಡ್ಯಾಗ. ತಗ್ಗು ಬಂದಲ್ಲಿ ಗಾಡಿ ನಿಲ್ಲಿಸಿ, ಇಳದು ನೋಡಿ, ಆಮ್ಯಾಲ ದಾಟಿಸ್ತಿದ್ದ. ಹೆಣಕ್ಕ ನೋವಾಗೂದಿಲ್ಲ ಅಂತ ಅವಗ ಗೊತ್ತಿಲ್ಲೇನು? ಗೊತ್ತಿತ್ತು. ಆದ್ರೂ ಹಂಗ ತಂದ. ನನಗ ಅದು ಇವತ್ತಿಗೂ ಕಣ್ಣ ಮುಂದ ಐತಿ.

“ಗಾಡಿ ಮಾರಬ್ಯಾಡ್ರಿ ಅವ್ವಾರ, ನಾ ಅದೇನಿ,” ಅಂತ ಹೇಳಿದವನೂ ಅವನ.

ಅವನ ಮಾತಿನ ಮ್ಯಾಲ ನಾವು ಐದು ಮಂದಿ ಹೆಣ್ಣಮಕ್ಕಳು ಖಡಕ್ ರೊಟ್ಟಿ ಕೆಲಸ ಹಿಡದ್ವಿ. ನನ್ನ ತಂಗಿಯ ಮಗ ರಾಹುಲ ಗಾಡಿ ಓಡಸತಾನ. ಮುಡಲಗಿ, ಗೋಕಾಕ, ಹುಕ್ಕೇರಿ, ಈ ಮೂರೂ ಊರಿನ ಖಾನಾವಳಿಗೆ ರೊಟ್ಟಿ ಹೋಗತಾವು. ಗಾಡಿ ನಿಂತ ದಿನ ಐದೂ ಮನಿ ಹಂಚು ತಣ್ಣಗ.

ಹೋದ ಶ್ರಾವಣದಾಗ ಗಾಡಿ ಏರು ಹತ್ತಾಕ ವಲ್ಲೆ ಅಂತು. ಗೋಕಾಕ ಫಾಲ್ಸಿನ ಏರಿನ್ಯಾಗ ರಾಹುಲ ಎರಡನೇ ಗೇರಿಗೆ ಬಂದ್ರೂ ಎಳೀಲಿಲ್ಲ. ಹಿಂದ ಕರೀ ಹೊಗಿ, ಮುಂದ ಸೀಟಿ ಹೊಡದಂಗ ಸಪ್ಪಳ. ಹುಕ್ಕೇರಿ ಖಾನಾವಳಿಯವರು ಒಂದು ಸಲ ತಡ ಆದ್ರ ಸುಮ್ಮನಿದ್ರು, ಎರಡನೇ ಸಲ ಬ್ಯಾರೆಯವರಿಗೆ ಹೇಳತೇವಿ ಅಂದ್ರು.

ಮಾಳು ಕಿವಿಗೆ ಸ್ಕ್ರೂಡ್ರೈವರ್ ಹಚ್ಚಿ ಕೇಳಿದ. ಬಾಳ ಹೊತ್ತು ಕೇಳಿದ.

“ಟರ್ಬೊ ಹೋಗೇತ್ರಿ ಅವ್ವಾರ.”

“ಎಣ್ಣಿ ಕಡಿಮಿ ಆಗಿಲ್ಲಲ್ಲೋ,” ಅಂದೆ ನಾನು. ಪ್ರತಿ ಸೋಮವಾರ ಇಂಜಿನ್ನಿನ ಎಣ್ಣಿ ಕಡ್ಡಿ ಎಳದು ನೋಡೂದು ನಮ್ಮವರು ಕಲಿಸಿಹೋದ ರೂಢಿ. ಟರ್ಬೊ ಸವದ್ರ ಎಣ್ಣಿ ಕುಡೀತೈತಿ ಅಂತ ಇದ ಮಾಳು ಒಮ್ಮೆ ಹೇಳಿದ್ದ.

“ಒಂದೊಂದು ಹಂಗೂ ಹೋಗತಾವ್ರಿ,” ಅಂದ. ನಾ ನಂಬಿದೆ.

ಆಮ್ಯಾಲ ಮೂರು ದಾರಿ ಹೇಳಿದ. ಗುಜರಿಯಾಗಿಂದ ಹಳೇದು ತಂದು ಹಾಕೂದು ಒಂದು. ಆದ್ರ ಇಂಥಾ ಗಾಡಿಗೆ ಎರಡು ನಮೂನಿ ಟರ್ಬೊ ಬಂದಾವು, ಒಂದರದ್ದು ಇನ್ನೊಂದಕ್ಕ ಕೂಡೂದಿಲ್ಲ, ಕೂಡಿದ್ರೂ ಎಷ್ಟು ಓಡೇತೋ ಯಾರಿಗೆ ಗೊತ್ತು. ಎರಡನೇದು, ಇದರ ಚಿಪ್ಪು ಇದನ್ನ ಇಟ್ಟು ಹೊಟ್ಟಿಯೊಳಗಿನ ಸಾಮಾನು ಅಷ್ಟ ಬದಲಿ ಮಾಡೂದು. ಮೂರನೇದು, ಪೂರಾ ಹೊಸಾದು.

“ನಿನ್ನ ತಾಯಿ ಗಾಡಿ ಆಗಿದ್ರ ಯಾವದು ಹಾಕ್ತಿದ್ದಿ?” ಅಂತ ಕೇಳಿದೆ.

ಅವ ಕೈ ಒರಸ್ಕೊಂತ ನೆಲ ನೋಡಿದ. “ಹೊಸಾದ ಹಾಕ್ತಿದ್ದೆ ಬಿಡ್ರಿ.”

ನಾ ಅವಸರ ಮಾಡಲಿಲ್ಲ. ನಾಲ್ಕು ದಿನ ತಗೊಂಡೆ. ಮುಡಲಗಿ ಬಸ್ ಸ್ಟ್ಯಾಂಡಿನ ಇಬ್ಬರು ಬಾಡಿಗಿ ಗಾಡಿಯವರನ್ನ ಕೇಳಿದೆ. ಒಬ್ಬ ಹೊಟ್ಟಿ ಬದಲಿ ಮಾಡಸ್ರಿ ಸಾಕು ಅಂದ. ಇನ್ನೊಬ್ಬ, “ಮೊದಲ ಪೈಪು ನೋಡಸ್ರಿ ಆಯಿ, ಗಾಳಿ ಪೈಪು ಹರದ್ರೂ ಇದ ಲಕ್ಷಣ,” ಅಂದ. ಅದನ್ನ ಮಾಳೂಗ ಹೇಳಿದೆ.

“ಬಸ್ ಸ್ಟ್ಯಾಂಡಿನ್ಯಾಗ ಎಲ್ಲಾರೂ ಮಿಸ್ತ್ರಿನ ರಿ! ಮತ್ತ ಅವರ ಕಡೆನ ಮಾಡಸ್ರಿ,” ಅಂತ ನಕ್ಕ. ನಾನೂ ನಕ್ಕೆ.

ರೊಟ್ಟಿ ಒಣಹಾಕಾಕ ತಗಡಿನ ಚಪ್ಪರ ಹಾಕಬೇಕಂತ ಐದೂ ಮಂದಿ ಕೂಡಿಟ್ಟದ್ದೆಲ್ಲಾ ಆ ಹೊಸಾ ಟರ್ಬೊಕ್ಕ ಹೋತು. ಸಾವಿತ್ರವ್ವ ಮಾರಿ ಸಣ್ಣದ ಮಾಡಿದಳು. “ಮಾಳು ಹೇಳ್ಯಾನಂದ್ರ ಮುಗೀತ ಬಿಡವಾ,” ಅಂತ ನಾನ ಅಕಿ ಬಾಯಿ ಮುಚ್ಚಿಸಿದೆ.

ಎರಡು ದಿನದಾಗ ಗಾಡಿ ಮನಿಗೆ ಬಂತು. ಮುಚ್ಚಳ ಎತ್ತಿ ತೋರಿಸಿದ. ಟರ್ಬೊ ಬೆಳ್ಳಿ ಬಟ್ಟಲದಂಗ ಹೊಳೀತಿತ್ತು. ಹಳೇದನ್ನ ಗೋಣಿಚೀಲದಾಗ ಕಟ್ಟಿ ತಂದಿದ್ದ. “ನೋಡ್ರಿ, ಗಾಲಿ ಹೆಂಗ ಅಲಗಾಡತೈತಿ,” ಅಂತ ಬೆರಳ ಹಾಕಿ ಅಲಗಾಡಿಸಿದ. ಖರೇನ ಅಲಗಾಡತಿತ್ತು. ಗಾಡಿ ಫಾಲ್ಸಿನ ಏರು ಮೊದಲಿನಂಗ ಹತ್ತಿತು. ಆ ದಿನ ಹಿಟ್ಟು ನಾದೂ ಕೈಲೆನ ಅವಗ ದೃಷ್ಟಿ ತಗದೆ.

ಖಂಡೇನವಮಿ ಬಂತು. ಅವತ್ತು ನಮ್ಮಲ್ಲಿ ಕಬ್ಬಿಣ ಅಂತ ಇದ್ದದ್ದೆಲ್ಲಾ ತೊಳದು ಪೂಜಿಗೆ ಇಡತೇವಿ. ಹಂಚು, ಕುಡಗೋಲು, ಸಲಿಕಿ. ಗೋಣಿಚೀಲದಾಗಿನ ಹಳೇ ಟರ್ಬೊನೂ ತಗದೆ. ಎಷ್ಟು ವರ್ಷ ದುಡದೈತಿ, ಅದರ ಮ್ಯಾಲ ನಮ್ಮವರ ಹೆಸರೈತಿ, ಆ ಹೆಸರಿಗೆ ಇಭೂತಿ ಹಚ್ಚಬೇಕು ಅಂತ.

ಚಿಮಣಿ ಎಣ್ಣಿ ಅರಿವಿಗೆ ಹಾಕಿ ತಿಕ್ಕಿದೆ. ಹೆಸರು ಸಿಗಲಿಲ್ಲ. ಮಸಿ ಹೋತು, ಬೆಳ್ಳನ ಚಿಪ್ಪು ಕಂಡಿತು, ಹೆಸರು ಇಲ್ಲ. ಸವದಿರಬೇಕು ಅಂತ ಉಗುರಲೆ ಸುತ್ತಾ ಸವರಿದೆ. ಚುಕ್ಕಿಯ ಗುರುತೂ ಕೈಗೆ ಹತ್ತಲಿಲ್ಲ.

ಅದ ಅರಿವಿ ಹಿಡಕೊಂಡು ಗಾಡಿ ಕಡಿ ಹೋದೆ. ಮುಚ್ಚಳ ಎತ್ತಿದೆ. ಹೊಳಿಯೋ ಟರ್ಬೊ ತಿಕ್ಕಿದೆ. ಬೆಳ್ಳಿ ಬಣ್ಣ ಅರಿವಿಗೆ ಬಂತು. ಬ್ಯಾರೆ ಕಡೆ ಒಂದು ಪದರ. ಮ್ಯಾಲಿನ ಒಂದು ಬೆರಳಗಲ ಜಾಗಾದಾಗ ದಪ್ಪ, ಮತ್ತ ಮತ್ತ ಬಳದಂಗ. ಅಲ್ಲೇ ತಿಕ್ಕಿದೆ. ಒಂದೊಂದ ಚುಕ್ಕಿ ಎದ್ದು ಬಂತು. ಅಕ್ಷರ ಕೂಡಿಸಿ ಓದೂದು ಬೇಕಾಗಲಿಲ್ಲ. ಅದು ನಾ ಮೊಟ್ಟಮೊದಲ ಕಲತ ಹೆಸರು.

ನಾ ಸಾಲಿ ಕಂಡಾಕಿ ಅಲ್ಲ. ಊರಾಗ ಮದುವಿ, ದಿನಕರ್ಮ ಆದ್ರ ಮನಿ ಮನಿಯಿಂದ ಭಾಂಡೆ ಬರತಾವು. ಮುಗದ ಮ್ಯಾಲ ಹೆಸರು ನೋಡಿ ಅವರವರ ಮನಿಗೆ ಮುಟ್ಟಿಸೂದು ನನ್ನ ಕೆಲಸ. ಮೂವತ್ತು ವರ್ಷ ಆ ಕೆಲಸ ಮಾಡಿ ಅಕ್ಷರ ಬಂದ್ವು. ಬ್ಯಾಂಕಿನ್ಯಾಗ ಮಾತ್ರ ಹೆಬ್ಬಟ್ಟು ಒತ್ತತೇನಿ, ಯಾಕಂದ್ರ ನನ್ನ ಸಹಿ ಎರಡ ಸಲ ಒಂದ ನಮೂನಿ ಬರೂದಿಲ್ಲ. ಗಾಡಿ ವಿಮೆದ ಕಾಗದ ಬಂದ್ರ ಮಾಳು ಓದಿ ಹೇಳತಿದ್ದ. ಅವಗ ಓದಿ ಹೇಳೂದು ಖುಷಿ ಅಂತ ನಾ ಬಿಟ್ಟಿದ್ದೆ.

ಮಧ್ಯಾಹ್ನ ಮಾಳು ಬಂದ. ಪ್ರತಿ ವರ್ಷ ನಮ್ಮ ಗಾಡಿಗೆ ಕಾಯಿ ಒಡಿಯಾವ ಅವನ. ಹೊಸಾ ಅಂಗಿ ಹಾಕಿದ್ದ. ಖಾರಿಲ್ಲದ ಬ್ಯಾಳಿ ಬ್ಯಾರೆ ಮಾಡಿದ್ದೆ. ಮೊದಲ ಊಟಕ್ಕ ಕೂಡಿಸಿದೆ. ಹಸದಿದ್ದ, ನಾಲ್ಕು ಹೋಳಿಗಿ ಉಂಡ.

“ಕಾಯಿ ಎಲ್ಲೈತ್ರಿ ಅವ್ವಾರ?”

“ಬಾ,” ಅಂತ ಗಾಡಿ ಹತ್ತರ ಕರಕೊಂಡು ಹೋಗಿ ಮುಚ್ಚಳ ಎತ್ತಿದೆ. ಚುಕ್ಕಿಗಳ ಮ್ಯಾಲ ಇಭೂತಿ ಹಚ್ಚಿದ್ದೆ, ಬೆಳ್ಳಗ ಕಾಣತಿತ್ತು. “ಇದೇನ ಐತಿ ಓದಪಾ. ಆ ಹೆಸರ ನಾ ಬಾಯಲೆ ಹೇಳಾಂಗಿಲ್ಲ.”

ಮಾಳು ಬಗ್ಗಿ ನೋಡಿದ. ಬಗ್ಗಿದವ ಏಳಲಿಲ್ಲ.

“ಓದ.”

“ಸತ್ಯಪ್ಪ,” ಅಂದ.

“ಹೊಸಾ ಟರ್ಬೊ ಮ್ಯಾಲ ನಿಮ್ಮ ಕಾಕಾನ ಹೆಸರ ಹೆಂಗ ಬಂತು? ಗೋಣಿಚೀಲದಾಗಿಂದು ಯಾರದು?”

ಅವ ಎದ್ದು ಮುಚ್ಚಳಕ್ಕ ಕೈ ಹಚ್ಚಿ ನಿಂತ. ರೊಟ್ಟಿ ಹಂಚಿನ ಮುಂದ ಕುಂತಾಕಿಗೆ ಕಾಯೂದು ಹೊಸಾದಲ್ಲ.

“ಪೈಪ ಅಷ್ಟ ಹರದಿತ್ರಿ,” ಅಂದ ಕಡೀಕ. “ಚೀಲದಾಗಿಂದು ಬ್ಯಾರೆ ಗಾಡೀದು.”

“ನಿನ್ನ ತಾಯಿ ಗಾಡಿ ಅಂತ ಕೇಳಿದ್ನಲ್ಲೋ.”

ತಪ್ಪಾತು ಅಂತಾನ ಅಂತ ಕಾದೆ. ಅಡಚಣಿ ಇತ್ತು ಅಂದಿದ್ರೂ ಕೇಳತಿದ್ದೆ. ಹೆಂಡತಿ ಮಕ್ಕಳ ಹೆಸರು ಹೇಳಿದ್ರೂ ಕರಗತಿದ್ದೆನೋ ಏನೋ. ಅವತ್ತು ತಗ್ಗು ಬಂದಲ್ಲೆಲ್ಲಾ ಇಳದು ನೋಡಿದವ ಇವನ ಅಂತ ಒಂದು ಕಡಿ ಮನಸ್ಸು ಹೇಳಾಕತ್ತಿತ್ತು. ಅವ ಹೊಸಾ ಅಂಗಿಯ ತೋಳಲೆ ಬೆವರು ಒರಸಿಕೊಂಡ. ರಾಹುಲ ಓದಿ ಹೇಳಿರಬೇಕು ಅಂತೇನೋ, ಅವ ಎಲ್ಲಿದ್ದಾನಂತ ಆ ಕಡಿ ಈ ಕಡಿ ನೋಡಿದ. ಆಮ್ಯಾಲ ನನ್ನ ಮಾರಿ ನೋಡಿ ಕೇಳಿದ:

“ಅವ್ವಾರ, ನಿಮಗ ಓದಾಕ ಬರತೈತೇನ್ರಿ?”