ಎರಡನೆಯ ಆಟೀನ್ ರಾಣಿ

ಸಿರುಗುಪ್ಪದ ಬಸ್ಸು ತೆಕ್ಕಲಕೋಟೆಯಲ್ಲಿ ಕೆಟ್ಟು ನಿಂತಿತು. ಬೇರೆ ಬಸ್ಸಿಗೆ ಕಾಯುತ್ತ ಚಹಾದಂಗಡಿಯ ಹಿಂದೆ ಇಣುಕಿದರೆ, ತಾಡಪತ್ರಿಯ ಮೇಲೆ ಅಂದರ್-ಬಾಹರ್ ನಡೆದಿತ್ತು. ನಡುವೆ ಇಸ್ಪೀಟಿನ ಒಂದು ಎಲೆ ತೆರೆದಿಟ್ಟು, ಅದರ ಜೋಡಿ ಬೀಳುವವರೆಗೆ ಒಳಗೊಂದು ಹೊರಗೊಂದು ಎಲೆ ಹಾಕುವ ಆಟ. ಜೋಡಿ ಯಾವ ಕಡೆ ಬೀಳುತ್ತದೆ ಎಂಬುದೇ ಪಣ.

ಬಿದ್ದ ಎಲೆಗಳನ್ನು ನೆನಪಿಟ್ಟರೆ ಗೆಲ್ಲಬಹುದೇ ನೋಡೋಣವೆಂದು, ಜಪಕ್ಕೆ ಎಣಿಸುವಂತೆ ಹೆಬ್ಬೆರಳನ್ನು ಗೆಣ್ಣಿನಿಂದ ಗೆಣ್ಣಿಗೆ ಸರಿಸುತ್ತ ಎಣಿಸತೊಡಗಿದೆ. ಎಲೆ ಹಾಕುವವನ ಕೈಯಲ್ಲಿ ಯಾವ ಎಲೆಗಳು ಉಳಿದಿವೆ ಎಂಬುದು ತಿಳಿಯಿತೇ ಹೊರತು, ಜೋಡಿ ಬೀಳುವ ಕಡೆ ತಿಳಿಯಲಿಲ್ಲ. ಇಪ್ಪತ್ತೆರಡನೆಯದು ಆಟೀನ್ ರಾಣಿ. ಆದರೆ ಏಳನೆಯದೂ ಅವಳೇ ಆಗಿದ್ದಳಲ್ಲ! ಇದ್ದದ್ದು ಒಂದೇ ಕಟ್ಟು.

ನನ್ನ ಹೆಬ್ಬೆರಳು ನಿಂತುಬಿಟ್ಟಿತು. ಎಲೆ ಹಾಕುವವನ ಕೈಯೂ ನಿಂತಿತು. ಅವನು ನನ್ನ ಹಣೆಯ ಅಂಗಾರದ ಗೆರೆ ನೋಡಿದ, ಆಮೇಲೆ ಬೆರಳು ನೋಡಿದ.

"ಆಚಾರ್ರ, ಜಪ ಮಾಡಾಕತ್ತೀರೇನ್ರಿ?"

"ಹೂಂನ್ರಿ."

"ಎಷ್ಟಕ್ಕ ಬಂತ್ರಿ?"

"ಎಣಿಕಿ ತಪ್ಪಿತ್ರಿ," ಎಂದೆ.

"ಹಂಗಾರ ಮೊದಲಿಂದ ಮಾಡ್ರಿ. ಬರ್ರಿ, ಕುಂದರ್ರಿ," ಎಂದು ನಗುತ್ತ ಪಕ್ಕದಲ್ಲಿ ಜಾಗ ಮಾಡಿದ.

ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ತಿರುಗಿದೆ. ನನ್ನ ಹಿಂದೆ ಇಬ್ಬರು ದಾರಿಗೆ ಅಡ್ಡವಾಗಿ ಬಂದು ನಿಂತಿದ್ದರು.