ಕಾಳಾಬೋಳದ ಗುಳಿಗೆ

ಬಸಣ್ಣ, ಮೂರು ವರ್ಷದಿಂದ ನೀನು ಅಫೀಮು ತಿಂದಿಲ್ಲ. ತಿನ್ನುತ್ತಿದ್ದೇನೆಂದು ನೀನು ನಂಬಿದ್ದೀಯ — ನಂಬಿಸಿದವನು ನಾನು, ನಿನ್ನ ಪಕ್ಕ ಕೂತು ಹಾರ್ಮೋನಿಯಂ ಪೇಟಿ ನುಡಿಸುವ ಗುರಪ್ಪ. ದಿನವೂ ನಿನ್ನ ಅಂಗೈಗಿಡುವ ಆ ಕರಿಯ ಗುಳಿಗೆ ನಮ್ಮ ಉಮರ್ಗಾದ ಅಂಗಡಿಯ ಕಾಳಾಬೋಳ, ಬಾಣಂತಿಯರಿಗೆ ಕೊಡುವ ಕಹಿ ಔಷಧಿ. ನಗಬೇಡ. ನೀನು ನಕ್ಕರೆ ಮುಂದಿನದನ್ನು ಹೇಳಲು ನನಗೆ ಧೈರ್ಯ ಸಾಲದು.

ಮೊದಲ ಅಸಲಿ ಗುಳಿಗೆ ಕೊಟ್ಟವನೂ ನಾನೇ. ಪೊಲೀಸ್ ಆ್ಯಕ್ಷನ್ ಮುಗಿದು, ನಿಜಾಮನ ಆಳ್ವಿಕೆ ಹೋಗಿ, ಊರುಗಳು ಮತ್ತೆ ಹಾಡು ಕೇಳತೊಡಗಿದ್ದ ಕಾಲ. ನಿಲಂಗಾದಲ್ಲಿ ಪರದೆಯ ಸಂದಿನಿಂದ ನೀನು ಜನರನ್ನು ಇಣುಕಿ ನೋಡಿದೆ. “ಗುರ್ಯಾ, ಈ ಮಂದಿ ನನ್ನ ನುಂಗ್ತಾರೋ” ಅಂದೆ. ಸಾಸಿವೆಯಷ್ಟು ಕೊಟ್ಟೆ. ನೀನು ಹಾಡಿದೆ, ಹೆಸರು ಬಂತು. ಹೆಸರು ಬಂದಷ್ಟೂ ಅಂಜಿಕೆ ಬೆಳೆಯಿತು — ನಿನ್ನೆ ಹಾಡಿದವನು ಬೇರೆ ಯಾರೋ, ಇವತ್ತು ಅವನು ಬರದಿದ್ದರೆ... ಸಾಸಿವೆ ಕಡಲೆಯಾಯಿತು. ಯೆಣೆಗೂರಿನಲ್ಲಿ ಒಂದೇ ಸಾಲನ್ನು ಮೂರು ಸಲ ಹಾಡಿ ನೀನು ತೂಕಡಿಸಿದಾಗ ಜನ ಅದನ್ನೂ ಸಮಾಧಿ ಎಂದು ಕೈಮುಗಿದರು. ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ಶುರುಮಾಡಿದೆ. ವಾರವಾರವೂ ಇಷ್ಟಿಷ್ಟೇ ಅಫೀಮು ಕಡಿಮೆ, ಅಷ್ಟೇ ಬೋಳ ಹೆಚ್ಚು. ನೀನು ಬೆವರಿದೆ, ಮೈಕೈ ನೋವೆಂದು ಹೊರಳಾಡಿದೆ. ಚಳಿಜ್ವರವೆಂದು ಸುಳ್ಳು ಹೇಳಿ ಕಷಾಯ ಕುಡಿಸಿದೆ. ಏಳು ತಿಂಗಳಿಗೆ ಗುಳಿಗೆಯಲ್ಲಿ ಅಫೀಮಿನ ಹೆಸರೂ ಉಳಿಯಲಿಲ್ಲ. ಬೋಳಕ್ಕೆ ಹೊಟ್ಟೆ ಸಡಿಲಿಸುವ ಗುಣ. “ಈ ಸರತಿ ಮಾಲ್ ಅಸಲ್ ಅದ ನೋಡು ಗುರ್ಯಾ, ಹೊಟ್ಟಿನೂ ಸಾಫ್ ಆಗ್ಲಾಕತ್ತದ” ಎಂದು ನೀನೇ ಮೆಚ್ಚಿಕೊಂಡೆ! ನಗು ತಡೆಯಲಾರದೆ ನಾನು ಹಿತ್ತಲಿಗೆ ಓಡಿದ್ದೆ.

ಆಮೇಲೆ ಉದಗೀರ! ಆ ಸಂಜೆ, ದೇವಣಿಯ ಹೋರಿ ಹಗ್ಗ ಹರಿದುಕೊಂಡಂತೆ ನಿನ್ನ ತಾನ ಹೊರಟಿತು. ಪೇಟಿಯ ಮೇಲೆ ನನ್ನ ಬೆರಳು ಹಿಂದೆ ಬಿತ್ತು. ತಬಲಾದವನು ನನ್ನತ್ತ ನೋಡಿ ಕಣ್ಣರಳಿಸಿದ. ಅಡತಿ ಅಂಗಡಿಯ ಸಾಹುಕಾರರು ರುಮಾಲು ಜಾರಿದ್ದೂ ತಿಳಿಯದೆ ಎದ್ದು ನಿಂತು “ಪುನ್ಹಾ, ಪುನ್ಹಾ!” ಎಂದು ಕೂಗಿದರು. ನಾನು ಗೆದ್ದಿದ್ದೆ — ತಪ್ಪಿತು, ನೀನು ಗೆದ್ದಿದ್ದೆ. ನಶೆಯ ಸೋಂಕಿಲ್ಲದ ನಿನ್ನ ಕಂಠ ಗೆದ್ದಿತ್ತು, ಅದು ಗೊತ್ತಿದ್ದವನು ಅಷ್ಟು ಜನರಲ್ಲಿ ನಾನೊಬ್ಬನೇ. ಖುಷಿಗೆ ಅತ್ತುಬಿಟ್ಟೆ. ನೀನು ಬೆವರೊರೆಸುತ್ತ, “ಗುಳಿಗಿ ಹಾಡ್ತು ಗುರ್ಯಾ, ನಾ ಎಲ್ಲಿ ಹಾಡಿದೆ?” ಅಂದೆ. ಆಗಲೇ ಹೇಳಬೇಕಿತ್ತು.

ಹೇಳಲಿಲ್ಲ. ಆ ಬೇಸಿಗೆಯಲ್ಲಿ ನಿನ್ನ ಅವ್ವ ಹಾಸಿಗೆ ಹಿಡಿದಳು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, “ಬಸ್ಯಾ, ಒಂದು ವಚನ ಹಾಡಪ್ಪಾ. ಕೇಳ್ಕೋತ ಹೋಗ್ತೀನಿ” ಎಂದಳು. ನೀನು ಗೋಡೆಗೆ ಮುಖ ತಿರುಗಿಸಿದೆ. “ಯವ್ವಾ, ನಶಾ ಮಾಡಿದ ಬಾಯಿ ಅದ ಇದು. ಈ ಬಾಯಿಲೆ ಶರಣರ ಮಾತು ಹ್ಯಾಂಗ ಹಾಡ್ಲಿ?”

ನಾನು ಅಲ್ಲೇ ಇದ್ದೆ. ಒಂದು ಮಾತು ಸಾಕಿತ್ತು. ನಿಜ ತಿಳಿದರೆ ನಿನ್ನ ಧ್ವನಿ ಕುಸಿದೀತೆಂದು ಸುಮ್ಮನಿದ್ದೇನೆ — ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಿನ್ನಂಥವನ ಧ್ವನಿ ನನ್ನ ಮುಷ್ಟಿಯಲ್ಲಿದೆ ಎಂಬುದು ನನಗೆ ರುಚಿಸಿತ್ತು. ನೀನು ಅಫೀಮಿಗೆ ಬಿದ್ದ ಹಾಗೆ ನಾನು ಅದಕ್ಕೆ ಬಿದ್ದಿದ್ದೆ. ಅವ್ವ ವಚನ ಕೇಳದೆಯೇ ಹೋದಳು.

ನಾಳೆ ಉಮರ್ಗಾದಲ್ಲಿ ನೀನು ವೇದಿಕೆ ಹತ್ತುವ ಮೊದಲು ಈ ಕಾಗದ ನಿನ್ನ ಕೈಗಿಡುತ್ತೇನೆ, ಗುಳಿಗೆ ಇಡುವುದಿಲ್ಲ. ಪೇಟಿಗೆ ಬೇರೆಯವರನ್ನು ಗೊತ್ತುಮಾಡಿದ್ದೇನೆ. ಬೈದರೆ ಕೇಳುತ್ತೇನೆ, ಮುಖ ತೋರಿಸಬೇಡ ಎಂದರೆ ತೋರಿಸುವುದಿಲ್ಲ. ಆದರೆ ನೀನು ಹಾಡುತ್ತೀಯ, ಬಸಣ್ಣ. ಉದಗೀರದಲ್ಲಿ ಹಾಡಿದವನು ನೀನೇ. ಅವ್ವ ಹಾಡೆಂದು ಕೇಳಿದ ದಿನ ನಿನ್ನ ಬಾಯಿ ಶುದ್ಧವಾಗಿಯೇ ಇತ್ತು.