ಬಾಗಿಲ ಹಿಂದಿನ ಗೆರೆಗಳು

ಹೋದ ಸೋಮವಾರ ಲಕ್ಕುಂಡಿ ಕಡೆಯ ಬಸ್ಸು ಯಾಕೋ ಬೇಗ ಸಿಕ್ಕಿತು. ನಾನು ಮುಖ್ಯೋಪಾಧ್ಯಾಯಿನಿಯಾಗಿರುವ ಶಾಲೆಯನ್ನು, ಒಂಬತ್ತು ವರ್ಷದಲ್ಲಿ ಮೊದಲ ಸಲ, ಗಂಟೆ ಹೊಡೆಯುವುದಕ್ಕೆ ಎಷ್ಟೋ ಮೊದಲೇ ಮುಟ್ಟಿದೆ. ಗೇಟಿನಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಧೂಳು ಏಳದಿರಲೆಂದು ನೀರು ಚಿಮುಕಿಸಿ ಕಸ ಹೊಡೆಯುವಾಗ ಬರುವ ವಾಸನೆ. ಬೆಟಗೇರಿಯಲ್ಲಿ ನಾನು ಕಲಿತ ಶಾಲೆ, ಐದನೆಯ ಇಯತ್ತೆ, ನಮ್ಮ ಅಕ್ಕೋರು...

ಶಿಕ್ಷಕಿಯರನ್ನು ನಮ್ಮ ಕಡೆ ಅಕ್ಕೋರು ಅಂತಲೇ ಕರೆಯುವುದು. ಈ ಅಕ್ಕೋರದು ಒಂದು ವಿಚಿತ್ರ ಚಟ. ಪ್ರಶ್ನೆ ಕೇಳಿ ಸುಮ್ಮನೆ ಕೂತುಬಿಡುತ್ತಿದ್ದರು, ಉತ್ತರ ಹೇಳುತ್ತಿರಲಿಲ್ಲ. ನಾನೋ ಪಾಠವನ್ನೆಲ್ಲ ಗಟ್ಟಿ ಹೊಡೆದು ಗಿಣಿಯಂತೆ ಒಪ್ಪಿಸುವವಳು. ಅಕ್ಕೋರು ದಿನಕ್ಕೊಬ್ಬರಿಗೆ ಹೇಳುವ ಶಾಬಾಸ್ ನನಗೇ ಮೀಸಲು ಎಂದುಕೊಂಡಿದ್ದೆ.

ಶಾಲೆಯ ಕಸ ಹೊಡೆಯಲು ಒಂದು ಪಾಳಿಯ ಪಟ್ಟಿ ಇತ್ತು. ಅದರಲ್ಲಿ ಎಲ್ಲರ ಹೆಸರೂ ಇತ್ತು, ನನ್ನದೂ. ಆದರೆ ಕಸಬರಿಗೆ ಹಿಡಿಯುತ್ತಿದ್ದವರು ಊರಾಚೆಯ ಓಣಿಯ ನಾಲ್ಕು ಹುಡುಗಿಯರು ಮಾತ್ರ. ಹಾಗೆ ಮಾಡಿರೆಂದು ಯಾರೂ ಹೇಳಿರಲಿಲ್ಲ, ಯಾಕೆಂದು ಯಾರೂ ಕೇಳಿರಲಿಲ್ಲ. ಅಕ್ಕೋರು ಬೈಯಲಿಲ್ಲ, ಭಾಷಣ ಬಿಗಿಯಲಿಲ್ಲ. ತರಗತಿಯ ಬಾಗಿಲ ಹಿಂದೆ ಸೀಮೆಸುಣ್ಣದಿಂದ ಎಲ್ಲರ ಹೆಸರು ಬರೆದು, ದಿನಾ ಕಸ ಹೊಡೆದವರ ಹೆಸರಿನ ಮುಂದೆ ಒಂದೊಂದು ಗೆರೆ ಎಳೆಯಲು ನಮಗೇ ಹೇಳಿದರು. ತಿಂಗಳಾದ ಮೇಲೆ ಬಾಗಿಲು ಮುಚ್ಚಿ, ಅದರ ಮುಂದೆ ನಮ್ಮನ್ನೆಲ್ಲ ಕೂರಿಸಿ, ಓದು ಎಂದು ನನ್ನನ್ನು ಎಬ್ಬಿಸಿದರು. ಗೆರೆಯಿದ್ದ ನಾಲ್ಕು ಹೆಸರು ಪಟಪಟ ಓದಿ ಕೂರಲು ಹೋದೆ.

“ಗೆರಿ ಇದ್ದದ್ದನ್ನ ಓದಿದಿ. ಖಾಲಿ ಇದ್ದದ್ದನ್ನ ಓದು,” ಎಂದರು.

ಖಾಲಿ ಜಾಗದಲ್ಲಿ ಓದುವುದೇನು, ಮಣ್ಣು? ಗೆರೆಯಿದ್ದ ಆ ನಾಲ್ಕು ಹೆಸರನ್ನೇ ಇನ್ನೊಮ್ಮೆ ಓದಿದೆ. ಆಗ ಆ ನಾಲ್ವರಲ್ಲಿ ಒಬ್ಬಳು, ಎಂದೂ ಬಾಯಿ ಬಿಡದವಳು, ಹಿಂದಿನಿಂದ ಮೆಲ್ಲಗೆ ಹೇಳಿದಳು: “ನಾವ ಹೊಡೀಬೇಕಂತ ಎಲ್ಲಾರೂ ಬಿಟ್ಟಾರ್ರಿ ಅಕ್ಕೋರ.”

ಆ ದಿನದ ಶಾಬಾಸ್ ಅವಳಿಗೆ ಹೋಯಿತು. ಮರುದಿನದಿಂದ ಪಾಳಿ ಖರೇನೇ ಪಾಳಿಯಾಯಿತು.

ನಮ್ಮದು ನೇಕಾರರ ಮನೆ. ಮಗ್ಗದ ಸುತ್ತ ಬಿದ್ದ ನೂಲಿನ ಕಸವನ್ನು ದಿನಾ ಹೊಡೆಯುತ್ತಿದ್ದವಳು ನಾನೇ, ಅದಕ್ಕೆ ಯಾರ ತಕರಾರೂ ಇರಲಿಲ್ಲ. ಶಾಲೆಯಲ್ಲಿ ಹೊಡೆದೆ ಎಂದು ತಿಳಿದಾಗ ಮಾತ್ರ ಅಪ್ಪನ ಕೈಯಲ್ಲಿ ಲಾಳಿ ನಿಂತಿತು. ಅದು ಅವರು ಮಾಡುವ ಕೆಲಸ, ನಮ್ಮ ಮಕ್ಕಳಿಗೆ ಯಾಕೆ ಎಂದು ಓಣಿಯ ಹಿರಿಯರೆಲ್ಲ ಕೂಡಿ ಅರ್ಜಿ ಕೊಟ್ಟರು. ವಿಚಾರಣೆಗೆ ಶಿಕ್ಷಣ ಖಾತೆಯ ಸಾಹೇಬರೊಬ್ಬರು ಬಂದರು. ಶಾಣ್ಯಾ ಹುಡುಗಿ ಎಂದು ನನ್ನನ್ನೇ ಎಬ್ಬಿಸಿ, ನಿಮ್ಮ ಅಕ್ಕೋರು ಪಾಠ ಮಾಡುತ್ತಾರೋ ಇಲ್ಲವೋ ಎಂದು ಕೇಳಿದರು. ಅಕ್ಕೋರು ಪಕ್ಕದಲ್ಲೇ ನಿಂತಿದ್ದರು.

“ಪಾಠ ಮಾಡಂಗಿಲ್ಲರಿ. ಬರೇ ಕಸಾ ಹೊಡಸ್ತಾರ್ರಿ,” ಎಂದೆ.

ಅಪ್ಪ ಹೇಳಿಕೊಟ್ಟಿದ್ದ ಎಂದು ಜಾರಿಕೊಳ್ಳಬಹುದಿತ್ತು. ಹೇಳಿಕೊಟ್ಟಿರಲಿಲ್ಲ. ಆ ಹುಡುಗಿಗೆ ಸಿಕ್ಕ ಶಾಬಾಸ್ ನನ್ನ ಹೊಟ್ಟೆಯಲ್ಲಿ ಉರಿಯುತ್ತಿತ್ತು, ಅಷ್ಟೇ. ಬಾಗಿಲು ಒರೆಸಿರಿ ಎಂದು ಸಾಹೇಬರು ಹೇಳಿದಾಗ ಅಕ್ಕೋರು ಅಲ್ಲಾಡಲಿಲ್ಲ. ಹಸಿ ಬಟ್ಟೆ ತಂದವಳು ನಾನು. ಆ ನಾಲ್ವರ ಗೆರೆಗಳು ಒಂದೇ ಸಲಕ್ಕೆ ಹೋಗಲಿಲ್ಲ, ತಿಕ್ಕಿ ತಿಕ್ಕಿ ಒರೆಸಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಅದೇ ತಿಂಗಳು ಅಕ್ಕೋರಿಗೆ ಕೊರ್ಲಹಳ್ಳಿಗೆ ವರ್ಗವಾಯಿತು, ಹೊಳೆಯ ದಂಡೆಗೆ. ಹೋಗುವ ದಿನ ನನ್ನ ತಲೆಯ ಮೇಲೆ ಕೈಯಿಟ್ಟು, “ಓದೂದು ಬಿಡಬ್ಯಾಡವಾ,” ಎಂದರು. ನಾಲ್ಕು ಬಾರಿಸಿದ್ದರೂ ಇಷ್ಟು ನೋಯುತ್ತಿರಲಿಲ್ಲ...

ಓದು ಬಿಡಲಿಲ್ಲ, ನಾನೂ ಅಕ್ಕೋರಾದೆ. ತರಬೇತಿಗಳಲ್ಲಿ ಸಮಾನತೆಯ ಬಗ್ಗೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದೆ. ಆ ಬಾಗಿಲಿನ ಕಥೆಯನ್ನೂ ಹೇಳುತ್ತಿದ್ದೆ, ಸಾಹೇಬರು ಬಂದ ಭಾಗವನ್ನು ಬಿಟ್ಟು. ನಿವೃತ್ತಿಯಾದ ಮೇಲೂ ಅಕ್ಕೋರು ಕೊರ್ಲಹಳ್ಳಿಯಲ್ಲೇ ಉಳಿದಿದ್ದಾರೆಂದು ಗೊತ್ತಿತ್ತು. ಕೆಲಸದ ಮೇಲೆ ಮುಂಡರಗಿಗೆ ಎಷ್ಟೋ ಸಲ ಹೋದೆ, ಅಲ್ಲಿಂದ ಮುಂದಿನ ಬಸ್ಸು ಹತ್ತುವ ಧೈರ್ಯ ಮಾತ್ರ ಬರಲಿಲ್ಲ. ಹೋದ ವರ್ಷ ಅವರು ತೀರಿಕೊಂಡ ಖಬರ ಬಂತು.

ಆ ಸೋಮವಾರ ಗೇಟಿನಿಂದ ಒಳಗೆ ಹೋದೆ. ಮೂವರು ಹುಡುಗಿಯರು ವರಾಂಡದಲ್ಲಿ ಕಸ ಹೊಡೆಯುತ್ತಿದ್ದರು. ಗೋಡೆಯ ಮೇಲೆ ನಾನೇ ಅಂದವಾಗಿ ಬರೆಸಿ ಹಚ್ಚಿದ ಪಾಳಿಯ ಪಟ್ಟಿ. ಅದರಲ್ಲಿ ಸೋಮವಾರದ ಹೆಸರುಗಳು ಬೇರೆ. ಇವತ್ತು ನಿಮ್ಮ ಪಾಳಿ ಅಲ್ಲವಲ್ಲ ಎಂದು ಕೇಳಿದೆ.

“ದಿನಾ ನಾವ ಹೊಡೀತೇವ್ರಿ ಅಕ್ಕೋರ,” ಎಂದಳು ಅವರಲ್ಲಿ ದೊಡ್ಡವಳು. “ನೀವು ಬರೂದ್ರಾಗ ಮುಗಿಸಿಬಿಡ್ತೇವ್ರಿ.”

ಯಾವ ಓಣಿಯವರೆಂದು ಕೇಳುವ ಅಗತ್ಯವಿರಲಿಲ್ಲ. ಒಂಬತ್ತು ವರ್ಷ ಆ ಹಸನಾದ ನೆಲದ ಮೇಲೆ ನಡೆದಿದ್ದೆ, ಅದನ್ನು ಒಮ್ಮೆಯೂ ಓದಿರಲಿಲ್ಲ. ನಾನು ಮತ್ತೆ ಪಟ್ಟಿಯ ಕಡೆ ತಿರುಗಿದ್ದನ್ನು ಕಂಡು ಹುಡುಗಿ ಕಸಬರಿಗೆಯನ್ನು ಬೆನ್ನ ಹಿಂದೆ ಹಿಡಿದಳು.

“ನಮ್ಮದೇನರ ತಪ್ಪಾತೇನ್ರಿ?”

ತಪ್ಪಾಯಿತು ಎಂದು ನಾನು ಯಾರಿಗೆ ಹೇಳಬೇಕಿತ್ತೋ ಆ ಅಕ್ಕೋರು ಈಗಿಲ್ಲ. ಸೀಮೆಸುಣ್ಣ ತೆಗೆದುಕೊಂಡು ತರಗತಿಯ ಬಾಗಿಲ ಹಿಂದೆ ಹೋದೆ. ಎಲ್ಲರಿಗಿಂತ ಮೊದಲು ನನ್ನ ಹೆಸರು ಬರೆದೆ. ಅದರ ಮುಂದೆ ಎಳೆಯಲು ಒಂದು ಗೆರೆಯೂ ಇರಲಿಲ್ಲ.